ರಸ್ತೆಯ ನಡುವೆ ನಿಂತ ನನ್ನ ಅತ್ತೆಯ ಪರವಾಗಿ ಒಂದು ಸಮಜಾಯಿಷಿ

ಸಂಚಾರ ಸುರಕ್ಷತಾ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ತಮ್ಮ ಕಚೇರಿಯ ನೋಟಿಸು ಕೈಸೇರಿತು. ನನ್ನ ಅತ್ತೆಯವರು ಹಾಡಹಗಲಿನಲ್ಲಿ ರಸ್ತೆಯ ಮಧ್ಯಭಾಗಕ್ಕೆ ನಡೆದುಹೋಗಿ, ಅಲ್ಲಿನ ಕಬ್ಬಿಣದ ಬೇಲಿ ಹಿಡಿದು ನಿಂತು 'ಸುಗಮ ಸಂಚಾರಕ್ಕೆ ಉದ್ದೇಶಪೂರ್ವಕವಾಗಿ ಅಡ್ಡಿಪಡಿಸಿರುತ್ತಾರೆ' ಎಂದೂ, ಇದಕ್ಕೆ ಕೂಡಲೇ ಸಮಜಾಯಿಷಿ ನೀಡತಕ್ಕದ್ದೆಂದೂ ಅದರಲ್ಲಿದೆ. ಅಡ್ಡಿಪಡಿಸಿದ್ದು ನಿಜ. ಉದ್ದೇಶಪೂರ್ವಕವೆಂಬುದೂ ನಿಜ. ಎಂಬತ್ತು ದಾಟಿದ, ಮಂಡಿ ಸವೆದ ಹೆಂಗಸು ಉದ್ದೇಶವಿಲ್ಲದೆ ಕುರ್ಚಿಯಿಂದಲೇ ಏಳುವುದಿಲ್ಲ, ಇನ್ನು ನಿಮ್ಮ ರಸ್ತೆಗೆ ಇಳಿಯುತ್ತಾರೆಯೇ? ಆ ಉದ್ದೇಶ ಏನಿತ್ತೆಂದು ಕೇಳುವ ಸೌಜನ್ಯ ನೋಟಿಸಿಗೆ ಇರಲಿಲ್ಲವಾದ್ದರಿಂದ ನಾನೇ ಹೇಳುತ್ತೇನೆ. ಅತ್ತೆಯವರ ತಂಗಿಯ ಮನೆ ನಮ್ಮ ಮನೆಯ ಎದುರಿಗೇ, ರಸ್ತೆಯ ಆ ಬದಿಯಲ್ಲಿದೆ. ನೀವು ನಡುವೆ ಬೇಲಿ ಹಾಕಿದ ಮೇಲೆ ಅಕ್ಕ ತಂಗಿ ಒಬ್ಬರನ್ನೊಬ್ಬರು ಸೇರಲಾಗಿಲ್ಲ. ಇದನ್ನು ನಿಮ್ಮೊಬ್ಬರಿಗೇ ಬರೆಯದೆ ಊರಿಗೆಲ್ಲ ಕಾಣುವಂತೆ ಬರೆಯುತ್ತಿರುವುದು ಏಕೆಂದರೆ, ನಮ್ಮ ಬೀದಿಯ ಹಿಂದಿನ ಪತ್ರಗಳೆಲ್ಲ ನಿಮ್ಮ ಕಚೇರಿಯ 'ಪರಿಶೀಲನೆ'ಯಲ್ಲಿ ಇನ್ನೂ ಸುಖನಿದ್ರೆ ಮಾಡುತ್ತಿವೆ.

ನನ್ನ ಪರಿಚಯ ದೊಡ್ಡದೇನಲ್ಲ. ಕನ್ನಡಕ ಮಾಡಿಕೊಡುವವಳು. ಮನೆಯ ಮುಂದಿನ ಕೋಣೆಯೇ ಅಂಗಡಿ. ಹೊಸ ಕನ್ನಡಕ ಹಾಕಿಕೊಂಡವರು ಕಿಟಕಿಯ ಹತ್ತಿರ ಹೋಗಿ ದೂರದ್ದೇನಾದರೂ ಓದಿ ನೋಡುವುದು ವಾಡಿಕೆ. ಮೊದಲು ಎದುರು ಮನೆಯ ಗೇಟಿನ ಬರಹ ಓದುತ್ತಿದ್ದರು, ಈಗ ಅದರ ಮುಂದೆ ನೀವು ನೆಟ್ಟಿರುವ 'ವಾಹನ ನಿಲುಗಡೆ ನಿಷೇಧಿಸಲಾಗಿದೆ' ಎಂಬ ಬೋರ್ಡನ್ನು ಓದುತ್ತಾರೆ. ಎಲ್ಲರಿಗೂ ಸ್ಪಷ್ಟವಾಗಿ ಕಾಣುತ್ತದೆ, ನಿಮ್ಮ ಅಕ್ಷರಗಳ ಬಗ್ಗೆ ನನ್ನದೇನೂ ತಕರಾರಿಲ್ಲ. ನಮ್ಮವರಿಗೆ ರೈಲಿನಲ್ಲಿ ಗಾರ್ಡ್ ಕೆಲಸ, ವಾರದಲ್ಲಿ ಅರ್ಧಕ್ಕರ್ಧ ದಿನಗಳು ಮನೆಯಲ್ಲಿರುವುದಿಲ್ಲ. ಹಾಗಾಗಿ ಅತ್ತೆಯೂ ನಾನೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಇರುವವರು.

ಎದುರು ಮನೆಯಲ್ಲಿರುವ ಅತ್ತೆಯ ತಂಗಿಯನ್ನು ನಾನು ಚಿಕ್ಕತ್ತೆ ಎನ್ನುತ್ತೇನೆ. ಮದುವೆಯಾದವರಲ್ಲ. ದೂರವಾಣಿ ವಿನಿಮಯ ಕೇಂದ್ರದಲ್ಲಿ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಊರವರ ಮಾತನ್ನೆಲ್ಲ ಅತ್ತಿಂದಿತ್ತ ದಾಟಿಸುವ ಕೆಲಸ ಮಾಡಿದವರು. ನಿವೃತ್ತಿಯ ಹೊತ್ತಿಗೆ ಕಿವಿ ಮಂದವಾಯಿತು, ಆಮೇಲೆ ಹೆಚ್ಚುಕಮ್ಮಿ ಪೂರ್ತಿ ಹೋಯಿತು. ಈಗ ಅವರು ಮಾತನ್ನು ಕೇಳುವುದಿಲ್ಲ, ನೋಡುತ್ತಾರೆ. ಎದುರಿಗೆ ಕೂತವರ ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಾರೆ. ಎಲ್ಲರ ತುಟಿಯೂ ಅವರಿಗೆ ಒಗ್ಗುವುದಿಲ್ಲ. ನನ್ನದು ತೀರಾ ವೇಗವಂತೆ, ನಮ್ಮವರದು ಮೀಸೆಯೊಳಗೆ ಮುಚ್ಚಿಹೋಗುತ್ತದಂತೆ. ಅವರಿಗೆ ತಪ್ಪಿಲ್ಲದೆ ತಿಳಿಯುವುದು ಅಕ್ಕನ ಮುಖ ಒಂದೇ. ಗ್ಯಾಸಿನವನು, ಬ್ಯಾಂಕಿನವರು, ಅವರ ಮೇಲಿನ ಮನೆಯಲ್ಲಿ ಬಾಡಿಗೆಗಿರುವ ನರ್ಸು, ಯಾರು ಏನು ಹೇಳಿದರೂ ಅತ್ತೆ ಅದನ್ನು ನಿಧಾನವಾಗಿ ತುಟಿಯಲ್ಲಿ ಇನ್ನೊಮ್ಮೆ ಹೇಳಬೇಕು, ಚಿಕ್ಕತ್ತೆ ಉತ್ತರ ಕೊಡಬೇಕು. ವರ್ಷಗಟ್ಟಲೆ ನಡೆದುಬಂದ ವ್ಯವಸ್ಥೆ ಇದು.

ಮಧ್ಯಾಹ್ನ ಊಟ ಮುಗಿಯುತ್ತಲೇ ಅತ್ತೆ ರಸ್ತೆ ದಾಟಿ ಹೋಗುತ್ತಿದ್ದರು. ಕಿಟಕಿಯ ಬೆಳಕಿಗೆ ಮುಖ ಮಾಡಿ ಕೂತು ನನ್ನ ಮೇಲಿನ ಆರೋಪಪಟ್ಟಿಯನ್ನು ಒಂದೂ ಬಿಡದೆ ತಂಗಿಗೆ ಒಪ್ಪಿಸುತ್ತಿದ್ದರು. ಸಂಜೆ ಮರಳುವಾಗ ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಗೆ ಹಾಕಿ ಹಗುರಾಗಿ, ನಗುಮುಖದಲ್ಲಿ ಬರುತ್ತಿದ್ದರು. ಈಗ ಆ ದೂರುಗಳು ದಾಟಿ ಹೋಗಲು ದಾರಿಯಿಲ್ಲದೆ ಮನೆಯಲ್ಲೇ ಉಳಿದಿವೆ. ಸ್ವಲ್ಪ ದಿನ ಫೋನಿನಲ್ಲಿ ಪ್ರಯತ್ನಿಸಿದರು. ಪಕ್ಕದ ಕೋಣೆಯಿಂದ 'ಸಾರಿಗೆ ಉಪ್ಪು ಹಾಕೋದು ಇವಳಿಗೆ ಯಾರೂ ಕಲಿಸಿಲ್ಲ' ಎಂದು ಅತ್ತೆ ಗಂಟಲು ಹರಿಯುವಂತೆ ಕೂಗಿದರೆ, ಅದು ಚಿಕ್ಕತ್ತೆಗೆ ಬಿಟ್ಟು ನನಗೂ ನನ್ನ ಗಿರಾಕಿಗಳಿಗೂ ಕೇಳಿಸುತ್ತಿತ್ತು. ಆ ಕಡೆಯಿಂದ ಚಿಕ್ಕತ್ತೆ, ಹಾಲಿನವನು ಬಂದು ಹೋದ ಎನ್ನುತ್ತಿದ್ದರು. ಅತ್ತೆ ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದರು.

ಇಂಥ ರಸ್ತೆಗೆ ಬೇಲಿ ಬಂದದ್ದು ಹೇಗೆಂದು ಊರವರಿಗೆ ತಿಳಿಯಬೇಕಲ್ಲವೇ? ತಮಗಂತೂ ತಿಳಿದಿದೆ, ಆದರೆ ತಮಗೆ ತಿಳಿದಿರುವುದರಲ್ಲಿ ಅರ್ಧ ನಿಜವಲ್ಲ. ಆ ತಪ್ಪು ನಮ್ಮದೇ.

ನಮ್ಮ ಬೀದಿಯಲ್ಲಿ ಮನೆಗಳಿಗಿಂತ ಕಾರುಗಳು ಹೆಚ್ಚು. ಎರಡೂ ಬದಿಯಲ್ಲಿ ಒಂದಕ್ಕೊಂದು ತಾಗುವಂತೆ, ಕೆಲವು ಕಡೆ ಎರಡು ಸಾಲಾಗಿ ನಿಲ್ಲುತ್ತಿದ್ದವು. ಆದರೂ ಜಗಳ ಇರಲಿಲ್ಲ, ಏಕೆಂದರೆ ನಮ್ಮಲ್ಲಿ ಹ್ಯಾಂಡ್ ಬ್ರೇಕ್ ಹಾಕುವುದು ಅಸಭ್ಯತನ. ಗೇರನ್ನು ನ್ಯೂಟ್ರಲ್‌ನಲ್ಲಿ ಬಿಟ್ಟು ಹೋಗಬೇಕು. ಯಾರಿಗೆ ತಮ್ಮ ಗಾಡಿ ತೆಗೆಯಬೇಕೋ ಅವರು ಅಡ್ಡವಿರುವ ಗಾಡಿಯನ್ನು ಸೊಂಟ ಕೊಟ್ಟು ಒಂದಿಷ್ಟು ಮುಂದೆ ನೂಕಿ, ತಮ್ಮದನ್ನು ತೆಗೆದುಕೊಂಡು ಹೋಗುತ್ತಾರೆ. ಹೊಸದಾಗಿ ಬಂದ ಬಾಡಿಗೆದಾರರು ಬ್ರೇಕ್ ಹಾಕಿ ಹೋದರೆ ಬೀದಿಯೇ ಒಂದು ವಾರ ಅವರನ್ನು ಮಾತಾಡಿಸುತ್ತಿರಲಿಲ್ಲ. ಈ ಗಿಜಿಗಿಜಿಯೇ ನಮ್ಮ ರಕ್ಷಣೆಯೂ ಆಗಿತ್ತು. ಅಷ್ಟು ಇಕ್ಕಟ್ಟಿನಲ್ಲಿ ಯಾರೂ ವೇಗವಾಗಿ ಹೋಗಲಾರರು. ಅತ್ತೆ ಕಾರುಗಳ ಮೈ ಹಿಡಿದುಕೊಂಡೇ ಆ ಬದಿ ಮುಟ್ಟುತ್ತಿದ್ದರು.

ಆಮೇಲೆ ಮುಖ್ಯರಸ್ತೆಯ ಸಿಗ್ನಲ್ ತಪ್ಪಿಸುವ ಬೈಕುಗಳು ನಮ್ಮ ಬೀದಿಯನ್ನು ಕಂಡುಕೊಂಡವು. ಕಾರುಗಳ ಸಂದಿಯಲ್ಲಿ ಹಾವಿನಂತೆ ನುಗ್ಗತೊಡಗಿದವು. ವೇಗ ತಗ್ಗಿಸಲು ಎರಡು ರಸ್ತೆ ಉಬ್ಬು, ದಾಟಲು ಒಂದು ಜೀಬ್ರಾ ಪಟ್ಟೆ ಹಾಕಿಕೊಡಿ ಎಂದು ನಾವು ಅರ್ಜಿ ಕೊಟ್ಟೆವು. ತಾವು ದೊಡ್ಡ ಮನಸ್ಸು ಮಾಡಿ ಖುದ್ದಾಗಿ ಸ್ಥಳ ತನಿಖೆಗೆ ಬರುವುದಾಗಿ ತಿಳಿಸಿದಿರಿ.

ನಮ್ಮ ಬೀದಿಯ ಸಂಘದ ಅಧ್ಯಕ್ಷರು ನಿವೃತ್ತ ಹೆಡ್ ಮಾಸ್ತರರು. ಶಾಲೆಗೆ ಇನ್‌ಸ್ಪೆಕ್ಟರು ಬರುವ ದಿನ ಗೋಡೆಗೆ ಸುಣ್ಣ ಬಳಿಸಿ, ದಡ್ಡ ಮಕ್ಕಳಿಗೆ ರಜೆ ಕೊಟ್ಟು ಅಭ್ಯಾಸವಾದವರು. ಸಾಹೇಬರು ಬರುವಾಗ ಬೀದಿ ಹೀಗಿದ್ದರೆ ನಮ್ಮ ಮರ್ಯಾದೆ ಏನಾಗಬೇಕು ಎಂದು ಮನೆಮನೆಗೂ ಬಂದು ಕೇಳಿದರು. ನಮಗೂ ಹೌದೆನ್ನಿಸಿತು. ಮನೆಗೆ ದೊಡ್ಡವರು ಬರುವಾಗ ಹಾಸಿಗೆ ಸುತ್ತಿ ಒಳಗಿಡುವುದಿಲ್ಲವೇ, ಹಾಗೆ. ಬೆಳಿಗ್ಗೆ ಎಲ್ಲರೂ ಸೇರಿ ಒಂದೊಂದೇ ಕಾರನ್ನು ನೂಕಿಕೊಂಡು ಹೋಗಿ ಹಿಂದಿನ ಖಾಲಿ ಮೈದಾನದಲ್ಲಿ ನಿಲ್ಲಿಸಿದೆವು. ರಸ್ತೆ ಗುಡಿಸಿದೆವು, ನೀರು ಹೊಡೆದೆವು. ತಮಗೆ ತೊಂದರೆಯಾಗಬಾರದೆಂದು ಬೀದಿಯ ಎರಡೂ ತುದಿಯಲ್ಲಿ ನಾವೇ ನಿಂತು, ನುಗ್ಗುವ ಬೈಕುಗಳಿಗೆ ಕೈಮುಗಿದು, ಇವತ್ತೊಂದು ದಿನ ಆ ಕಡೆಯಿಂದ ಹೋಗಿ ಎಂದು ಬೇಡಿಕೊಂಡೆವು. ಅವರೂ ಒಳ್ಳೆಯವರು, ಹೋದರು. ಯಾವ ಬೈಕುಗಳ ಪೀಡೆಯನ್ನು ತೋರಿಸಲು ತಮ್ಮನ್ನು ಕರೆಸಿದ್ದೆವೋ ಅದನ್ನೂ, ನಮ್ಮನ್ನು ಕಾಯುತ್ತಿದ್ದ ಕಾರುಗಳನ್ನೂ ತಮ್ಮ ಕಣ್ಣಿಗೆ ಬೀಳದ ಹಾಗೆ ಅಚ್ಚುಕಟ್ಟಾಗಿ ಮುಚ್ಚಿಟ್ಟೆವು. ತಾವು ರಸ್ತೆಯ ನಟ್ಟನಡುವೆ ನಿಂತು ನಮ್ಮ ಮನೆಯ ಚಹಾ ಕುಡಿದಿರಿ. ಎಷ್ಟು ಅಗಲವಾದ ರಸ್ತೆ, ಎಷ್ಟು ಶಾಂತವಾಗಿದೆ ಎಂದು ಹೊಗಳಿದಿರಿ. ನಾವು ಹಿರಿಹಿರಿ ಹಿಗ್ಗಿದೆವು.

ತಮ್ಮ ತನಿಖಾ ವರದಿ ಅದರಂತೆಯೇ ಬಂತು. ರಸ್ತೆ ಅಗಲವಾಗಿದೆ, ನಿಲುಗಡೆಗೆ ಬೇಡಿಕೆ ಇರುವುದಿಲ್ಲ, ವಾಹನ ಸಂಚಾರ ವಿರಳ, ಆದ್ದರಿಂದ ಮುಖ್ಯರಸ್ತೆಯ ಅರ್ಧ ಸಂಚಾರವನ್ನು ಇತ್ತ ತಿರುಗಿಸಲು ಸೂಕ್ತ. ಉಬ್ಬಿನ ಅಗತ್ಯ ಕಂಡುಬರುವುದಿಲ್ಲ. ನಾವು ಬಾಯಿ ಬಾಯಿ ಬಡಿದುಕೊಂಡು ಕಚೇರಿಗೆ ಓಡಿ ಬಂದು ಇದ್ದ ಸಂಗತಿ ಹೇಳಿದಾಗ, ತನಿಖೆಯ ದಿನ ಕಾಣದೇ ಇದ್ದದ್ದು ಕಡತದಲ್ಲಿ ಸೇರಲಾರದು ಎಂದಿರಿ. ಕೆಲವೇ ದಿನಗಳಲ್ಲಿ ಬಸ್ಸು ಲಾರಿಗಳೆಲ್ಲ ನಮ್ಮ ಬಾಗಿಲ ಮುಂದೆ ಹಾಯತೊಡಗಿದವು. ನಿಷೇಧದ ಬೋರ್ಡುಗಳು ಬಂದವು, ಮೇಲೊಂದು ಕ್ಯಾಮೆರಾ ಬಂತು. ಕಾರುಗಳು ಆ ಹಿಂದಿನ ಮೈದಾನದಲ್ಲೇ ಶಾಶ್ವತವಾಗಿ ಉಳಿದವು. ಇಸ್ತ್ರಿ ಅಂಗಡಿಯವರ ಕಾಲಿನ ಮೇಲೆ ವ್ಯಾನು ಹರಿದಾಗ ಮತ್ತೆ ಅರ್ಜಿ ಕೊಟ್ಟೆವು, ಅದೇ ಉಬ್ಬು, ಅದೇ ಜೀಬ್ರಾ ಪಟ್ಟೆ. ತಾವು ಯೋಚಿಸಿದಿರಿ. ಜನ ದಾಟುವುದರಿಂದ ತಾನೇ ಅಪಘಾತ, ದಾಟುವುದನ್ನೇ ತಪ್ಪಿಸಿದರಾಯಿತು. ಈ ತುದಿಯಿಂದ ಆ ತುದಿಯವರೆಗೆ ಎದೆಮಟ್ಟದ ಕಬ್ಬಿಣದ ಬೇಲಿ ಬಂತು. ಪಾದಚಾರಿಗಳ ಸುರಕ್ಷತೆಗಾಗಿ ಎಂದು ಅದರ ಮೇಲೆ ಹಸಿರು ಬಣ್ಣದಲ್ಲಿ ಬರೆಸಿದ್ದೀರಿ. ಅಂದಿನಿಂದ ನನ್ನ ಅತ್ತೆ ಸುರಕ್ಷಿತವಾಗಿದ್ದಾರೆ, ಕಿಟಕಿಯ ಮುಂದೆ, ಕುರ್ಚಿಯಲ್ಲಿ.

ನಾವು ಕೈಕಟ್ಟಿ ಕೂತೆವೆಂದು ತಿಳಿಯಬೇಡಿ. ಬೀದಿಯ ತುದಿಯ ಸಿಗ್ನಲ್ಲಿನವರೆಗೆ ಅತ್ತೆಯನ್ನು ನಡೆಸಿಕೊಂಡು ಹೋದೆ. ಅಲ್ಲಿ ಹಸಿರು ಮನುಷ್ಯನ ಚಿತ್ರ ಬಂದದ್ದೇ ಇಳಿದೆವು. ಅತ್ತೆ ಅರ್ಧ ದಾಟುವಷ್ಟರಲ್ಲಿ ಚಿತ್ರ ಕೆಂಪಾಗಿ ಎಲ್ಲ ಗಾಡಿಗಳೂ ಒಟ್ಟಿಗೆ ಗುರ್ ಎಂದವು. ಮುಂದೆ ಹೋಗಲೂ ಆಗದೆ ಹಿಂದೆ ಬರಲೂ ಆಗದೆ ಬೇಲಿಯ ತುದಿಗೆ ಅಂಟಿಕೊಂಡು ನಿಂತೆವು. ಮುಂದಿನ ಸಲ ಹಸಿರಾದಾಗ ಅತ್ತೆ ಮನೆಯ ಕಡೆಗೇ ತಿರುಗಿದರು. ಹಾರನ್ ಕೇಳಿಸದ ತಂಗಿಯನ್ನು ಅಲ್ಲಿ ದಾಟಿ ಬಾ ಎನ್ನಲಂತೂ ಅವರು ಒಪ್ಪಲೇ ಇಲ್ಲ.

ಆಮೇಲೆ ಟ್ಯಾಕ್ಸಿ ಮಾಡಿದೆ. ನಗಬೇಡಿ. ಎದುರು ಮನೆಗೆ ಹೋಗಲು ಟ್ಯಾಕ್ಸಿ. ಮೈದಾನದಲ್ಲಿ ಹತ್ತಿ, ಊರೆಲ್ಲ ಸುತ್ತಿ, ಆ ಬದಿಯ ಸಾಲಿಗೆ ಬರುವಷ್ಟರಲ್ಲಿ ಅತ್ತೆಗೆ ತಲೆಸುತ್ತು ಬಂದಿತ್ತು. ಚಿಕ್ಕತ್ತೆ ಗೇಟಿನಲ್ಲೇ ನಿಂತು ಕಾಯುತ್ತಿದ್ದರು, ಒಳ್ಳೆಯ ಸೀರೆ ಉಟ್ಟಿದ್ದರು. ಇಲ್ಲೇ ನಿಲ್ಲಿಸಪ್ಪ ಎಂದೆ. ಡ್ರೈವರು ಮೇಲಿನ ಕ್ಯಾಮೆರಾ ತೋರಿಸಿದ. "ಇಲ್ಲಿ ನಿಲ್ಸಿದ್ರೆ ನನ್ನ ಲೈಸೆನ್ಸ್‌ಗೇ ಬರತ್ತೆ ಮೇಡಂ. ಸಿಗ್ನಲ್ ದಾಟಿ ಬಿಡ್ತೀನಿ, ಅಲ್ಲಿಂದ ನಡ್ಕೊಂಡು ಬನ್ನಿ" ಎಂದ. ನಡೆಯಬಲ್ಲವರಾಗಿದ್ದರೆ ನಿನ್ನ ಟ್ಯಾಕ್ಸಿ ಏಕೆ ಹತ್ತುತ್ತಿದ್ದರು ಎಂದು ಹೇಳುವುದರೊಳಗೆ ಹಿಂದಿನ ಬಸ್ಸು ಹಾರನ್ ಹೊಡೆಯಿತು. ಗೇಟು ಹಿಂದೆ ಸರಿಯಿತು. ಅತ್ತೆ ಗಾಜಿಗೆ ಮುಖ ಒತ್ತಿ ತುಟಿ ಅಲ್ಲಾಡಿಸುತ್ತಿದ್ದರು, ಚಿಕ್ಕತ್ತೆ ನಾಲ್ಕು ಹೆಜ್ಜೆ ಗಾಡಿಯ ಜೊತೆಗೇ ಓಡಿಬಂದು ನಿಂತುಬಿಟ್ಟರು. ನನಗೆ ಆ ಡ್ರೈವರನ ಮೇಲೆ ಸಿಟ್ಟು ಬರಲಿಲ್ಲ, ನಿಮ್ಮ ಮೇಲೆ ಬಂತು.

ಇದನ್ನು ಹೇಳಿಕೊಳ್ಳಲು ಬಂದಾಗ ತಾವು ಕೊಟ್ಟ ಸಲಹೆ ನೆನಪಿದೆ. ಇಬ್ಬರನ್ನೂ ಒಂದೇ ಮನೆಯಲ್ಲಿ ಇಟ್ಟುಕೊಳ್ಳಬಾರದೇಕೆ ಎಂದಿರಿ. ತಮಗೆ ಅಕ್ಕತಂಗಿಯರಿಲ್ಲವೆಂದು ಕಾಣುತ್ತದೆ. ಇಬ್ಬರಿಗೂ ಅವರವರ ಒಲೆ, ಅವರವರ ಕೀಲಿಕೈ, ಅವರವರ ಹಟ ಇದೆ. ಸಂಜೆಯಾದರೆ ಎದ್ದು ಬರಲು ಒಂದು ಮನೆ ಇದ್ದದ್ದರಿಂದಲೇ ಮಾರನೆಯ ಮಧ್ಯಾಹ್ನ ಹೋಗಲು ಮನಸ್ಸು ಬರುತ್ತಿತ್ತು. ಕಿವಿಗೆ ಯಂತ್ರ ಹಾಕಿಸಿ ಎಂದೂ ಹೇಳಿದಿರಿ. ಹಾಕಿಸಿದೆವು. ಈಗ ನಮ್ಮ ಬೀದಿಯಲ್ಲಿ ಆ ಯಂತ್ರಕ್ಕೆ ಕೇಳಿಸುವುದು ನಿಮ್ಮ ಬಸ್ಸುಗಳ ಹಾರನ್ ಮಾತ್ರ. ಚಿಕ್ಕತ್ತೆ ಅದನ್ನು ಕಿತ್ತು ಡಬ್ಬಿಯಲ್ಲಿಟ್ಟಿದ್ದಾರೆ.

ತಿಂಗಳುಗಳು ಕಳೆದವು. ಮಾತಾಡುವವರಿಲ್ಲದೆ ಚಿಕ್ಕತ್ತೆ ಮಾತು ಬಿಟ್ಟರು. ನಾನು ಆಗಾಗ ಸುತ್ತು ಹಾಕಿಕೊಂಡು ಹೋಗಿ ಸಾಮಾನು ಕೊಟ್ಟು ಬರುತ್ತೇನೆ, ನನ್ನ ಆತುರದ ತುಟಿ ಅವರಿಗೆ ಹತ್ತುವುದಿಲ್ಲ. ಚೀಟಿಯಲ್ಲಿ ಬರೆದು ತೋರಿಸಿದರೆ ಅವಮಾನವೆಂದು ಓದದೆ ಮಡಚಿಡುತ್ತಾರೆ. ನಾನು ಏನು ಕೇಳಿದರೂ ನಕ್ಕು ತಲೆಯಾಡಿಸುತ್ತಾರೆ. ಮೊನ್ನೆ ಅವರ ತಮ್ಮನ ಮಗ ಬೇರೆ ಊರಿನಿಂದ ಬಂದ. ಕೆಟ್ಟವನಲ್ಲ, ಅತ್ತೆಯಂದಿರನ್ನು ನೋಡಿಕೊಳ್ಳಬೇಕೆಂಬ ಕಾಳಜಿ ಇರುವವನೇ. ಚಿಕ್ಕತ್ತೆ ಅವನನ್ನು ನೋಡಿ ನಕ್ಕು ತಲೆಯಾಡಿಸಿದ್ದು ಕಂಡು ಗಾಬರಿಯಾಗಿ ವೈದ್ಯರನ್ನು ಮನೆಗೇ ಕರೆಸಿದ. ವೈದ್ಯರು ಮುಖಕ್ಕೆ ಮಾಸ್ಕ್ ಹಾಕಿಕೊಂಡೇ ಕೂತು ಇದು ಯಾವ ತಿಂಗಳು ಎಂದು ಕೇಳಿದರಂತೆ. ಚಿಕ್ಕತ್ತೆ ಊಟ ಆಯಿತು ಎಂದರಂತೆ. ಇವತ್ತು ಯಾವ ವಾರ ಎಂದರೆ, ನಕ್ಕರಂತೆ. ಮರೆವಿನ ಕಾಯಿಲೆ ಇರಬಹುದು, ಒಬ್ಬರನ್ನೇ ಬಿಡುವುದು ಅಪಾಯ, ಸೋಮವಾರ ಇನ್ನೊಮ್ಮೆ ಪರೀಕ್ಷಿಸಿ ಬರೆದುಕೊಡುತ್ತೇನೆ ಎಂದು ವೈದ್ಯರು ಹೋದರು. ಬರೆದುಕೊಟ್ಟರೆ ಅವನ ಊರಿನ ವೃದ್ಧಾಶ್ರಮದಲ್ಲಿ ಒಂದು ಮಂಚ ಕಾದಿದೆ. ಇದನ್ನೆಲ್ಲ ನನಗೆ ಫೋನಿನಲ್ಲಿ ಹೇಳಿದ್ದು ಮೇಲಿನ ಮನೆಯ ನರ್ಸು.

ಅತ್ತೆ ಆ ಹುಡುಗನಿಗೆ ಫೋನು ಮಾಡಿದರು. ಅವಳ ತಲೆಗೆ ಏನೂ ಆಗಿಲ್ಲ, ಕಿವಿ ಮಾತ್ರ ಹೋಗಿರುವುದು ಎಂದರು. ಅವನು ತಾಳ್ಮೆಯಿಂದಲೇ ಹೇಳಿದ. "ದೊಡ್ಡತ್ತೆ, ನೀವು ಆ ಮನೆಗೆ ಕಾಲಿಟ್ಟು ಎಷ್ಟು ತಿಂಗಳಾಯ್ತು ಹೇಳಿ. ದಿನಾ ನೋಡ್ತಿರೋರ ಥರ ಮಾತಾಡ್ಬೇಡಿ."

ಮಾನ್ಯರೇ, ಅತ್ತೆ ಅಳುವವರಲ್ಲ. ಗಂಡ ಸತ್ತಾಗಲೂ ನೆಂಟರಿಗೆ ಊಟ ಹಾಕಿಸಿ ಆಮೇಲೆ ಅತ್ತವರು. ಅಂದು ಫೋನು ಇಟ್ಟು ನನ್ನ ಮುಂದೆಯೇ ಅತ್ತರು. ನಾನು ಗಿರಾಕಿಯೊಬ್ಬರ ಕನ್ನಡಕದ ತಿರುಪು ಬಿಗಿಮಾಡುತ್ತ ಕೂತೆ.

ಮಾರನೆಯ ಮಧ್ಯಾಹ್ನ, ಅಂದರೆ ನೋಟಿಸಿನಲ್ಲಿ ನಮೂದಿಸಿರುವ ದಿನ, ನಾನು ಒಳಗಿನಿಂದ ಬರುವಷ್ಟರಲ್ಲಿ ಅತ್ತೆಯ ಕುರ್ಚಿ ಖಾಲಿಯಿತ್ತು. ಹೊರಗೆ ಒಂದೇ ಸಮನೆ ಹಾರನ್. ಅತ್ತೆ ಒಂದು ಕೈಯಲ್ಲಿ ಕೋಲು ಹಿಡಿದು, ಇನ್ನೊಂದು ಕೈಯನ್ನು ಬಸ್ಸಿನ ಮುಂದೆ ಅಡ್ಡ ಚಾಚಿ ರಸ್ತೆಗೆ ಇಳಿದಿದ್ದರು. ಬೇಲಿ ಮುಟ್ಟಿ ಅದನ್ನು ಹಿಡಿದು ನಿಂತರು. ಎದುರು ಮನೆಯ ಕಿಟಕಿಯಿಂದ ಇದನ್ನು ಕಂಡ ಚಿಕ್ಕತ್ತೆ ಬರಿಗಾಲಿನಲ್ಲೇ ಓಡಿಬಂದು ಆ ಬದಿಯಿಂದ ಬೇಲಿ ಹಿಡಿದರು. ನಾನು ಓಡಿಹೋಗಿ ಅತ್ತೆಯ ಹಿಂದೆ ನಿಂತೆ. ಎಷ್ಟೋ ತಿಂಗಳ ಮೇಲೆ ಇಬ್ಬರ ಮುಖಗಳೂ ಅಷ್ಟು ಹತ್ತಿರವಿದ್ದವು. ನನ್ನ ಆರೋಪಪಟ್ಟಿ ಈಗ ಬರುತ್ತದೆ ಎಂದುಕೊಂಡೆ. ಅತ್ತೆ ಮಗುವಿಗೆ ಪಾಠ ಹೇಳಿಕೊಡುವವರ ಹಾಗೆ ಒಂದೊಂದೇ ಮಾತನ್ನು ಬಿಡಿಸಿ ಹೇಳಿದರು.

"ಸೋಮವಾರ ಡಾಕ್ಟರ್ ಬರ್ತಾರೆ. ಯಾವ ತಿಂಗಳು, ಯಾವ ವಾರ ಅಂತ ಕೇಳ್ತಾರೆ. ಗೊತ್ತಾಗದಿದ್ರೆ ಗೊತ್ತಾಗಲಿಲ್ಲ ಅನ್ನು. ಮಾಸ್ಕ್ ತೆಗೀರಿ ಅನ್ನು. ನಕ್ಕು ತಲೆ ಆಡಿಸ್ಬೇಡ."

ಚಿಕ್ಕತ್ತೆ ನಗಲಿಲ್ಲ, ತಲೆಯಾಡಿಸಲಿಲ್ಲ. ಯಾವ ತಿಂಗಳು, ಯಾವ ವಾರ ಎಂದು ತಪ್ಪಿಲ್ಲದೆ ಹೇಳಿದರು. ಆಮೇಲೆ, "ಅಕ್ಕ, ಬೇರೆಯವರ ಮುಖ ನೋಡಿದ್ರೆ ನಂಗೇನೂ ತಿಳಿಯಲ್ಲ ಕಣೆ. ಅವತ್ತು ನೀನೂ ಇರು" ಎಂದರು.

ಅಷ್ಟೇ ನಡೆದದ್ದು. ತಮ್ಮ ಕ್ಯಾಮೆರಾದಲ್ಲಿ ಇಬ್ಬರು ಮುದುಕಿಯರು ಬಸ್ಸು ತಡೆದು ಹರಟೆ ಹೊಡೆಯುತ್ತಿರುವುದು ಕಂಡಿರಬೇಕು. ಬಸ್ಸಿನ ಡ್ರೈವರು ಎಂಜಿನ್ ಆರಿಸಿ ಕಾದರು, ಅವರಿಗೆ ನನ್ನ ಕೃತಜ್ಞತೆ ತಿಳಿಸಿ. ಹಿಂದಿನಿಂದ ಯಾರೋ ಕಿರುಚಿದ್ದರಿಂದ ಅತ್ತೆಯ ಕೈ ಬಿಡಿಸಿ ಕರೆತಂದವಳು ನಾನೇ. ಆ ಕೈಯನ್ನು ಬೇಲಿಯಿಂದ ಬಿಡಿಸುವಾಗ ನನಗಾದ ನಾಚಿಕೆ ಯಾವ ನೋಟಿಸಿನಿಂದಲೂ ಆಗಲಾರದು.

ನನ್ನ ಬೇಡಿಕೆ ಚಿಕ್ಕದು. ಮೇಲ್ಸೇತುವೆ ಬೇಡ, ಸುರಂಗ ಬೇಡ, ಸಮಿತಿಯಂತೂ ಬೇಡವೇ ಬೇಡ. ನಮ್ಮ ಎರಡು ಮನೆಗಳ ನಡುವೆ ಬರುವ ಬೇಲಿಯ ಒಂದು ಭಾಗವನ್ನು ತೆಗೆಸಿ. ಅಲ್ಲಿ ಒಂದು ಜೀಬ್ರಾ ಪಟ್ಟೆ, ಅದರ ಎರಡೂ ಕಡೆ ನಾವು ಮೊದಲೇ ಕೇಳಿದ್ದ ಉಬ್ಬು ಹಾಕಿಸಿ. ಮನೆಬಾಗಿಲಲ್ಲಿ ಒಬ್ಬ ರೋಗಿಯನ್ನೋ ಮುದುಕರನ್ನೋ ಇಳಿಸುವಷ್ಟು ಹೊತ್ತು ಗಾಡಿ ನಿಲ್ಲಲು ಅನುಮತಿ ಕೊಡಿ. ಮತ್ತೆ ತನಿಖೆಗೆ ಬರಬೇಕೆನ್ನಿಸಿದರೆ ದಯವಿಟ್ಟು ಹೇಳದೆ ಬನ್ನಿ. ಇದೆಲ್ಲ ಸೋಮವಾರದೊಳಗೆ ಆಗಬೇಕು. ಬೇಲಿ ಹಾಕಿಸಲು ತಮಗೆ ಒಂದು ಬೆಳಗು ಸಾಕಾಗಿತ್ತು.

ಆಗದಿದ್ದರೆ ನಾವು ಮಾಡುವುದನ್ನು ಈಗಲೇ ತಿಳಿಸಿಬಿಡುತ್ತೇನೆ, ಉದ್ದೇಶಪೂರ್ವಕವೆಂದು ಬರೆದುಕೊಳ್ಳಲು ತಮಗೆ ಸುಲಭವಾಗಲಿ. ಸೋಮವಾರ ವೈದ್ಯರನ್ನು ರಸ್ತೆಯ ನಡುವಿಗೇ ಕರೆದೊಯ್ಯುತ್ತೇವೆ. ಮೇಲಿನ ಮನೆಯ ನರ್ಸು ಒಪ್ಪಿದ್ದಾರೆ, ಹೆಡ್ ಮಾಸ್ತರರು ಬಸ್ಸು ನಿಲ್ಲಿಸಲು ತಾವೇ ಮುಂದೆ ನಿಲ್ಲುತ್ತಾರಂತೆ. ಬೇಲಿಯ ಈ ಬದಿ ಒಂದು ಸ್ಟೂಲು, ಆ ಬದಿ ಒಂದು ಸ್ಟೂಲು. ವೈದ್ಯರು ಏನು ಕೇಳುತ್ತಾರೋ ಅದನ್ನು ಅತ್ತೆ ತಂಗಿಯ ಮುಖ ನೋಡಿ ಹೇಳುತ್ತಾರೆ, ಚಿಕ್ಕತ್ತೆ ಉತ್ತರ ಕೊಡುತ್ತಾರೆ. ಕೊನೆಯ ಪ್ರಶ್ನೆಗೆ ಉತ್ತರ ಬರುವವರೆಗೂ ಯಾವ ಗಾಡಿಯೂ ಮುಂದೆ ಹೋಗುವುದಿಲ್ಲ. ಈ ಸಲ ಅತ್ತೆಯ ಕೈಯನ್ನು ನಾನು ಬಿಡಿಸುವುದಿಲ್ಲ. ಮುಂದಿನ ನೋಟಿಸಿನಲ್ಲಿ ನನ್ನ ಹೆಸರನ್ನೂ ಸೇರಿಸಿ.

ಇಂತಿ,
ಎದುರು ಮನೆಗೆ ಹೋಗಲು ದಾರಿ ಕೇಳುತ್ತಿರುವ,
ಸಾರಿಗೆ ಉಪ್ಪು ಹಾಕಲು ಬಾರದ ಸೊಸೆ